ಒಂದು ಬ್ರೆಡ್ಡು, ಒಂದು ಹೆಸರು, ಹನ್ನೆರಡು ದಿನದ ಜರ್ಮನಿ

ತುಮಕೂರು, ಹೊರಡುವ ಮೊದಲು

ತುಮಕೂರಿನ ನಮ್ಮ ಕ್ರೈಸ್ತ ಸಭೆಯ ಹಿರಿಯರ ಮೇಲೆ ನನ್ನದೊಂದು ನೇರ ಆರೋಪವಿದೆ. ನೀವು ಮೂವತ್ತೆಂಟು ವರ್ಷ ಒಬ್ಬ ಮುಸಲ್ಮಾನರ ಕೈಯಿಂದ ಕರ್ತನ ಭೋಜನದ ರೊಟ್ಟಿಯನ್ನು ಪಡೆದಿರಿ. ಅದನ್ನು ಮುರಿದಿರಿ, ಹಂಚಿದಿರಿ, ಮೊಣಕಾಲೂರಿ ತಿಂದಿರಿ. ಅವರು ತೀರಿಕೊಂಡ ಮೇಲೆ ಅವರ ಹೆಸರನ್ನು ಒಂದೇ ಒಂದು ಸಲ ಗಟ್ಟಿಯಾಗಿ ಓದಲು ನಿಮಗೆ ಬಾಯಿ ಬರಲಿಲ್ಲ. ಪ್ರವಾಸದ ಕಥೆಯನ್ನು ಹೀಗೆ ಆರಂಭಿಸುವುದು ವಾಡಿಕೆಯಲ್ಲವೆಂದು ನನಗೆ ಗೊತ್ತು. ಆದರೆ ಜರ್ಮನಿಗೆ ನಾನು ಹೊತ್ತೊಯ್ದ ಸಾಮಾನಿನಲ್ಲಿ ಇದೇ ಎಲ್ಲಕ್ಕಿಂತ ಭಾರವಾಗಿದ್ದರಿಂದ ಮೊದಲು ಇದನ್ನೇ ಬಿಚ್ಚುತ್ತಿದ್ದೇನೆ.

ಆ ಮನುಷ್ಯ ಮಂಡಿಪೇಟೆಯಲ್ಲಿ ಬೇಕರಿ ಇಟ್ಟಿದ್ದ ಸತ್ತಾರ್ ಸಾಬರು. ಪ್ರತಿ ಶನಿವಾರ ಅವರು ಭಟ್ಟಿಯನ್ನು ಗುಡಿಸಿ, ಬೆಣ್ಣೆ, ಮೊಟ್ಟೆ, ಸಕ್ಕರೆ ಯಾವುದೂ ಸೋಕದ ಒಂದು ಇಡೀ ಬ್ರೆಡ್ಡನ್ನು ಎಲ್ಲಕ್ಕಿಂತ ಮೊದಲು ಸುಡುತ್ತಿದ್ದರು. ಗುಬ್ಬಿಯಿಂದ ಬಸ್ಸಿನಲ್ಲಿ ಬಂದು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದವಳು ನನ್ನ ಅಜ್ಜಿ ಜ್ಞಾನಮ್ಮ. ದೇವಾಲಯದ ಪೀಠದ ಬಟ್ಟೆ, ಬಟ್ಟಲು, ರೊಟ್ಟಿಗಳ ಉಸ್ತುವಾರಿ ಅವಳದು. ರಂಜಾನ್ ತಿಂಗಳಲ್ಲಿ ಸಾಬರು ಬ್ರೆಡ್ಡನ್ನು ಅಜ್ಜಿಯ ಮೂಗಿನ ಹತ್ತಿರ ಹಿಡಿದು, “ಅಮ್ಮಾ, ಉಪ್ಪು ಸರಿ ಐತಾ ನೀವೇ ಮೂಸಿ ಹೇಳ್ಬೇಕು, ನಾನ್ ಬಾಯಿಗ್ ಹಾಕೋಹಂಗಿಲ್ಲ,” ಎನ್ನುತ್ತಿದ್ದರಂತೆ. ಮೂಸಿ ಉಪ್ಪು ಹೇಳುವುದು ಹೇಗೆಂದು ಅಜ್ಜಿಗೆ ಈವರೆಗೂ ತಿಳಿದಿಲ್ಲ. “ಸರಿಯಾಗೈತೆ ಸಾಬ್ರೇ,” ಎಂದು ಮೂವತ್ತೆಂಟು ರಂಜಾನ್ ಹೇಳಿದ್ದಾಳೆ.

ಹಿಂದಿನ ವರ್ಷದ ಮಳೆಗಾಲದಲ್ಲಿ ಸಾಬರು ಹೋದರು. ನವೆಂಬರಿನಲ್ಲಿ, ತೀರಿಕೊಂಡವರ ಹೆಸರುಗಳನ್ನು ಓದಿ ನೆನೆಯುವ ಆರಾಧನೆಗೆ ಅಜ್ಜಿ ಅವರ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಓದಲಿಲ್ಲ. ಆ ದಿನ ರೊಟ್ಟಿ ಹಂಚುವಾಗ ಅಜ್ಜಿ ಕೈ ಚಾಚಲಿಲ್ಲ. ಮುಂದಿನ ಭಾನುವಾರವೂ ಚಾಚಲಿಲ್ಲ. ಅರವತ್ತು ವರ್ಷ ಒಂದು ಭೋಜನವನ್ನೂ ತಪ್ಪಿಸದವಳು ಈಗ ಒಂದು ವರ್ಷದಿಂದ ಮೂರನೆಯ ಬೆಂಚಿನಲ್ಲಿ ಕೈಗಳನ್ನು ಮಡಿಲಲ್ಲಿಟ್ಟು ಕುಳಿತಿರುತ್ತಾಳೆ. ಅವಳಿಗೆ ಎಂಬತ್ತೊಂದು. ಇದು ಹಟವೆಂದು ನೀವು ಹೇಳುತ್ತೀರಿ. ನಾನು ಇದನ್ನು ಹಸಿವು ಎನ್ನುತ್ತೇನೆ.

ಈ ವರ್ಷ ಮತ್ತೆ ಕೇಳಲು ಅಜ್ಜಿಯ ಜೊತೆ ನಾನೂ ಹೋಗಿದ್ದೆ. ಸಮಿತಿಯ ಕಾರ್ಯದರ್ಶಿಗಳು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು. ದೇವಶಾಸ್ತ್ರವನ್ನೂ ಅಲ್ಲಿಂದಲೇ ತಂದರು.

“ಒಳ್ಳೆ ಮನುಷ್ಯ, ಯಾರ್ ಅಲ್ಲ ಅಂದ್ರಮ್ಮಾ? ಆದ್ರೆ ಗೇಟ್ ಪಾಸ್ ಇಲ್ದೆ ಒಳಕ್ ಬಿಡಕ್ಕಾಯ್ತದಾ? ಬ್ಯಾಪ್ಟಿಸಮ್ಮೇ ಗೇಟ್ ಪಾಸು.”

ನಮ್ಮ ಸಭಾಪಾಲಕರಾದ ಅಯ್ಯನವರು ಮೃದು ಸ್ವಭಾವದವರು. “ದೇವರಿಗೆ ಬೇರೆ ದಾರಿ ಇದ್ರೂ ಇರಬಹುದು ಜ್ಞಾನಮ್ಮ. ಆದ್ರೆ ಅದನ್ನ ಪೀಠದ ಮೇಲಿಂದ ಹೇಳಕ್ಕೆ ನಂಗೆ ಅಧಿಕಾರ ಇಲ್ಲ. ಆ ಪಟ್ಟಿ ಕರ್ತನನ್ನ ನಂಬಿ ಕರ್ತನಲ್ಲಿ ನಿದ್ರೆ ಹೋದವರದು,” ಎಂದರು.

“ನಿಮ್ ಬ್ರೆಡ್ಡಿಗೆ ಅಂತ ನಾಲ್ಕು ಗಂಟೆಗೆ ಎದ್ದೇಳ್ತಿದ್ದೋರು ಅಯ್ನೋರೇ,” ಎಂದಳು ಅಜ್ಜಿ. “ನಿದ್ದೆ ಎಲ್ಲಿಂದ ಬರ್ತದೆ ಅವ್ರಿಗೆ?”

ಅಯ್ಯನವರು ನಕ್ಕರು. ಹೆಸರನ್ನು ಮಾತ್ರ ಈ ಸಲವೂ ಓದಲಿಲ್ಲ. ಅದಾದ ಹತ್ತೇ ದಿನಕ್ಕೆ, ನಮ್ಮ ಸಭೆಯೊಡನೆ ಸ್ನೇಹ ಇಟ್ಟುಕೊಂಡಿರುವ ಜರ್ಮನಿಯ ಸಭೆಗೆ ಯುವ ಪ್ರತಿನಿಧಿಯಾಗಿ ನನ್ನನ್ನು ಕಳುಹಿಸಿದರು. ವಾದ ಮಾಡುವವಳನ್ನು ಸಮುದ್ರ ದಾಟಿಸಿದರೆ ವಾದ ಮುಗಿಯುತ್ತದೆಂಬ ಎಣಿಕೆ ಯಾರಿಗೂ ಇರಲಿಲ್ಲವೆಂದು ಕಾರ್ಯದರ್ಶಿಗಳು ಹೇಳುತ್ತಾರೆ. ನಂಬುತ್ತೇನೆ.

ಗುಬ್ಬಿ: ಪೆಟ್ಟಿಗೆ ಕಟ್ಟಿದ ದಿನ

ಅಜ್ಜಿ ನನ್ನ ಪೆಟ್ಟಿಗೆಗೆ ಕೊಬ್ಬರಿ ಮಿಠಾಯಿ, ಚಟ್ನಿಪುಡಿ ಮತ್ತು ಒಂದು ಚೀಟಿ ತುಂಬಿದಳು. ಚೀಟಿಯಲ್ಲಿ ದಪ್ಪಕ್ಷರದಲ್ಲಿ ‘ಸತ್ತಾರ್ ಸಾಬರು, ಬೇಕರಿ’ ಎಂದಿತ್ತು.

“ಇದ್ಯಾಕಜ್ಜಿ?”

“ನಮ್ಗೆ ಈ ಮತ ಕೊಟ್ಟೋರೇ ಆ ಕಡೆಯೋರಲ್ವೇನೇ? ಅವ್ರನ್ನೇ ಕೇಳ್ಕೊಂಡ್ ಬಾ. ಸಾಬ್ರು ಎಲ್ಲವ್ರೆ ಅಂತ.”

“ಅಜ್ಜಿ, ನಮ್ಮೂರಿಗೆ ಬಂದಿದ್ದು ಇಂಗ್ಲಿಷ್ ಮಿಷನರಿಗಳು. ನಾನ್ ಹೋಗ್ತಿರೋದು ಜರ್ಮನಿಗೆ.”

“ಪಕ್ಕದ್ಮನೆಯೋರ್ಗೆ ಗೊತ್ತಿರ್ತದೆ ಬುಡು.”

ಎರಡನೆಯ ದಿನ: ನಾಲ್ಕು ಡಬ್ಬಿಗಳು

ನಾನು ಇಳಿದುಕೊಂಡದ್ದು ದಕ್ಷಿಣ ಜರ್ಮನಿಯ ಸಣ್ಣ ಊರೊಂದರಲ್ಲಿ, ಹನ್ನೆಲೋರೆ ಎಂಬ ನಿವೃತ್ತ ಗಣಿತ ಶಿಕ್ಷಕಿಯ ಮನೆಯಲ್ಲಿ. ಗುಬ್ಬಿಯಷ್ಟೇ ದೊಡ್ಡ ಊರು. ಆದರೆ ಗುಬ್ಬಿಯ ಸಂತೆಯ ಒಂದು ಮೂಲೆಯಲ್ಲಿ ಆಗುವಷ್ಟು ಸದ್ದು ಆ ಇಡೀ ಊರಿನಲ್ಲಿ ಒಂದು ವಾರಕ್ಕೂ ಆಗುವುದಿಲ್ಲ. ರಸ್ತೆಯಲ್ಲಿ ಒಂದು ವಾಹನವೂ ಇಲ್ಲದಿರುವಾಗ ಮೂವರು ವೃದ್ಧರು ಕೆಂಪು ದೀಪದ ಮುಂದೆ ನಿಂತು ಹಸಿರಿಗಾಗಿ ಕಾಯುತ್ತಿದ್ದುದನ್ನು ಕಂಡೆ. ನಾನು ತುಮಕೂರಿನ ಅಭ್ಯಾಸದಂತೆ ಕೈ ಅಡ್ಡ ಹಿಡಿದು ದಾಟಿಬಿಟ್ಟೆ. ಮೂವರೂ ನನ್ನನ್ನು ನೋಡಿದ ನೋಟದಲ್ಲಿ, ನನ್ನ ರಕ್ಷಣೆಯ ಬಗ್ಗೆ ಅವರಿಗೆ ಹೆಚ್ಚಿನ ಭರವಸೆ ಉಳಿದಂತೆ ಕಾಣಲಿಲ್ಲ.

ಅಡುಗೆಮನೆಯಲ್ಲಿ ಕಸಕ್ಕೆ ನಾಲ್ಕು ಡಬ್ಬಿಗಳಿದ್ದವು. ಕಾಗದಕ್ಕೊಂದು, ಪ್ಲಾಸ್ಟಿಕ್ಕಿಗೊಂದು, ಕೊಳೆಯುವುದಕ್ಕೊಂದು, ಮಿಕ್ಕದ್ದಕ್ಕೊಂದು. ನಾನು ಚಹಾದ ಚೀಲವನ್ನು ಇಡಿಯಾಗಿ ಒಂದರೊಳಗೆ ಹಾಕಿದೆ. ಹನ್ನೆಲೋರೆ ಅದನ್ನು ಹೊರತೆಗೆದು, ಚಹಾಪುಡಿಯನ್ನು ಒಂದು ಡಬ್ಬಿಗೆ, ಕಾಗದದ ತುಂಡನ್ನು ಇನ್ನೊಂದಕ್ಕೆ, ಪುಟ್ಟ ಲೋಹದ ಪಿನ್ನನ್ನು ಮತ್ತೊಂದಕ್ಕೆ ಹಾಕಿದರು.

“ನಿಮ್ಮಲ್ಲಿ ಹೀಗೆ ಬೇರ್ಪಡಿಸುವುದಿಲ್ಲವೇ?” ಎಂದು ಕೇಳಿದರು.

“ನಾವು ಸತ್ತವರನ್ನು ಬೇರ್ಪಡಿಸುತ್ತೇವೆ,” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಕೊಬ್ಬರಿ ಮಿಠಾಯಿ ಕೊಟ್ಟು ಕೂರಿಸಿ, ಸಾಬರ ಕಥೆಯನ್ನು ಮೊದಲಿನಿಂದ ಹೇಳಿದೆ. ಅವರದು ಶಾಲೆಯಲ್ಲಿ ಕಲಿತ ಇಂಗ್ಲಿಷು, ನನ್ನದೂ ಅದೇ. ಆದ್ದರಿಂದ ಸರಾಗವಾಗಿ ಸಾಗಿತು. ರಂಜಾನಿನ ಉಪ್ಪಿನ ಭಾಗಕ್ಕೆ ಬಂದಾಗ ಅವರು ಎಷ್ಟು ನಕ್ಕರೆಂದರೆ ಮಿಠಾಯಿಯ ಕಾಗದವನ್ನು ತಪ್ಪು ಡಬ್ಬಿಗೆ ಹಾಕಿಬಿಟ್ಟರು. ಆಮೇಲೆ ಅದನ್ನು ತೆಗೆದು ಸರಿಯಾದದ್ದಕ್ಕೆ ಹಾಕಿದರು, ನಿಜ.

ಬುಧವಾರ: ಸಂಜೆಯ ಕೂಟ

ಬುಧವಾರ ಸಂಜೆ ಸಭೆಯ ಐದಾರು ಮಂದಿ ಸೇರಿ ಬೈಬಲ್ ವಾಕ್ಯಪಾಠ ಮಾಡುವ ಪದ್ಧತಿ ಅಲ್ಲಿದೆ. ಗೋಷ್ಠಿ ಏಳಕ್ಕೆಂದರೆ ಏಳಕ್ಕೇ ಆರಂಭ. ನಾನು ಏಳೂ ಐದಕ್ಕೆ, ನಮ್ಮೂರಿನ ಲೆಕ್ಕದಲ್ಲಿ ನಾಚಿಕೆಯಾಗುವಷ್ಟು ಬೇಗ, ತಲುಪಿದಾಗ ಪ್ರಾರ್ಥನೆ ಮುಗಿದು ಎಲ್ಲರೂ ನನಗಾಗಿ ಕಾಯುತ್ತಿದ್ದರು. ನನಗಿಂತ ಬಹಳ ಮುಂಚೆಯೇ ಬಂದಿದ್ದ ಹನ್ನೆಲೋರೆ ಎಲ್ಲರಿಗೂ ಕಥೆಯನ್ನು ಹೇಳಿಯಾಗಿತ್ತು. ಚೀಟಿಯನ್ನು ಮೇಜಿನ ಮೇಲಿಟ್ಟೆ. ನನ್ನ ಅಜ್ಜಿಯ ಪ್ರಶ್ನೆಯನ್ನು ಕೇಳಿದೆ: ಸಾಬರು ಎಲ್ಲಿದ್ದಾರೆ?

ಹನ್ನೆಲೋರೆಗೆ ಅನುಮಾನವೇ ಇರಲಿಲ್ಲ. ಕೊನೆಗೆ ಎಲ್ಲರೂ ದೇವರ ಬಳಿ ಸೇರುತ್ತಾರೆ, ಒಬ್ಬರೂ ಹೊರಗುಳಿಯುವುದಿಲ್ಲ ಎಂದರು. “ನನ್ನ ತರಗತಿಯಲ್ಲಿ ಗಣಿತ ಬಾರದ ಒಬ್ಬನನ್ನೂ ನಾನು ಕೈಬಿಟ್ಟಿಲ್ಲ. ದೇವರು ನನಗಿಂತ ಕೆಟ್ಟ ಮೇಷ್ಟ್ರೇ?”

ಅಲ್ಲಿನ ಸಭಾಪಾಲಕಿ ಯೂಡಿತ್ ಮೂವತ್ತರ ಆಸುಪಾಸಿನ ಹೆಂಗಸು. ಅವರು ಎಚ್ಚರಿಕೆಯಿಂದ ಮಾತಾಡಿದರು. ರಕ್ಷಿಸುವವನು ಕ್ರಿಸ್ತನೇ, ಆದರೆ ತನ್ನ ಹೆಸರನ್ನು ಕರೆಯದವರನ್ನೂ ಅವನು ರಕ್ಷಿಸಬಲ್ಲ; ಒಳ್ಳೆಯದನ್ನು ಪ್ರಾಮಾಣಿಕವಾಗಿ ಅರಸುವವನು ತಿಳಿಯದೆಯೇ ಅವನ ಕೈ ಹಿಡಿದಿರುತ್ತಾನೆ ಎಂಬುದು ಅವರ ನಿಲುವು. ನನಗೆ ನಮ್ಮ ಹೇಮಾವತಿ ನಾಲೆ ನೆನಪಾಯಿತು. ಗುಬ್ಬಿಯ ತೆಂಗಿನ ಮರಕ್ಕೆ ನೀರು ಯಾವ ಜಿಲ್ಲೆಯಿಂದ ಬಂತೆಂದು ಗೊತ್ತಿಲ್ಲ, ಆದರೂ ಕಾಯಿ ಬಿಡುತ್ತದೆ. ಹಾಗೆಂದು ಹೇಳಿದಾಗ ಯೂಡಿತ್ ಅದನ್ನು ಬರೆದುಕೊಂಡರು. ಆದರೂ ನನ್ನೊಳಗೆ ಒಂದು ತಕರಾರು ಉಳಿಯಿತು. ಐದು ಹೊತ್ತು ನಮಾಜು ಮಾಡಿದ ಮನುಷ್ಯನನ್ನು, ಅವರು ಸತ್ತ ಮೇಲೆ, ಅವರಿಗೇ ತಿಳಿಯದಂತೆ ಕ್ರೈಸ್ತರನ್ನಾಗಿ ಮಾಡಿಕೊಳ್ಳಲು ನಾವು ಯಾರು?

ಕೊನೆಗೆ ಮಾತಾಡಿದವರು ಗೆರ್ಹಾರ್ಡ್. ಎಪ್ಪತ್ತೈದು ದಾಟಿದ, ಬೆನ್ನು ಬಾಗದ, ನಿವೃತ್ತ ಅಂಚೆಯಣ್ಣ. ಅವರಿಗೆ ಇಂಗ್ಲಿಷ್ ಬಾರದು. ಅವರ ಮಾತನ್ನು ಹನ್ನೆಲೋರೆ ಮನಸ್ಸಿಲ್ಲದ ಮನಸ್ಸಿನಿಂದ ಅನುವಾದಿಸಿದರು.

“ಕ್ರಿಸ್ತನಲ್ಲಿ ನಂಬಿಕೆ ಇಟ್ಟವರಿಗೆ ಮಾತ್ರ ರಕ್ಷಣೆ. ಬ್ರೆಡ್ಡು ಸುಟ್ಟು ಯಾರೂ ಸ್ವರ್ಗಕ್ಕೆ ಹೋಗುವುದಿಲ್ಲ. ನಾನು ನಲವತ್ತು ವರ್ಷ ಹಿಮದಲ್ಲಿ ಕಾಗದ ಹಂಚಿದೆ. ಅದರಿಂದ ನಾನೂ ಹೋಗುವುದಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಏಳು ಸಾವಿರ ಕಿಲೋಮೀಟರ್ ಹಾರಿ ಬಂದು ವಸಂತನರಸಾಪುರದ ಗೇಟಿನ ಮುಂದೆಯೇ ನಿಂತಂತಾಗಿತ್ತು. ಗೆರ್ಹಾರ್ಡ್ ಮಾತ್ರ ಶಾಂತವಾಗಿ ಕನ್ನಡಕ ಏರಿಸಿ, ಅಜ್ಜಿಯ ಚೀಟಿಯನ್ನು ದೀಪದ ಬೆಳಕಿಗೆ ಹಿಡಿದು, ಕನ್ನಡದ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಬಳಿಕ ಹನ್ನೆಲೋರೆಗೆ ಏನನ್ನೋ ಹೇಳಿದರು.

“ಇದನ್ನು ಹೇಗೆ ಉಚ್ಚರಿಸುವುದು ಎಂದು ಕೇಳುತ್ತಿದ್ದಾರೆ.”

“ಯಾಕೆ?”

“ಮುಂದಿನ ಭಾನುವಾರ ಸತ್ತವರನ್ನು ನೆನೆಯುವ ಭಾನುವಾರ. ನಮ್ಮಲ್ಲೂ ಹೆಸರುಗಳನ್ನು ಓದುತ್ತೇವೆ. ಓದುವ ಸರದಿ ಈ ವರ್ಷ ಗೆರ್ಹಾರ್ಡ್ ಅವರದು.”

ನಂಬಿಕೆ ಇಲ್ಲದವರಿಗೆ ರಕ್ಷಣೆ ಇಲ್ಲವೆಂದು ಈಗತಾನೆ ಹೇಳಿದವರು ಇವರೇ ಅಲ್ಲವೇ? ಹಾಗೆಂದು ಕೇಳಿಯೇ ಬಿಟ್ಟೆ. ಗೆರ್ಹಾರ್ಡ್ ಕೊಟ್ಟ ಉತ್ತರವನ್ನು ಹನ್ನೆಲೋರೆ ಈ ಸಲ ನಿಧಾನವಾಗಿ, ಒಂದು ಪದವನ್ನೂ ಬಿಡದೆ ಅನುವಾದಿಸಿದರು.

“ಅಂಚೆಯವನು ಲಕೋಟೆಯ ಮೇಲಿನ ಹೆಸರನ್ನು ಓದುತ್ತಾನೆ. ಗಟ್ಟಿಯಾಗಿ, ಸರಿಯಾಗಿ ಓದುತ್ತಾನೆ. ಒಳಗಿನ ಕಾಗದವನ್ನು ಒಡೆದು ಓದಿದರೆ ಅವನ ಕೆಲಸ ಹೋಗುತ್ತದೆ. ಒಳಗೇನಿದೆ ಎಂಬುದರ ಬಗ್ಗೆ ನನಗೊಂದು ಅಭಿಪ್ರಾಯವಿದೆ, ಅದನ್ನು ಹೇಳಿದೆ. ಆದರೆ ಲಕೋಟೆ ನನ್ನ ಹೆಸರಿಗೆ ಬಂದದ್ದಲ್ಲ.”

ಶನಿವಾರ: ತಾನಾಗಿ ಉಬ್ಬುವ ಹಿಟ್ಟು

ಆ ಸಭೆಯಲ್ಲಿ ಭೋಜನದ ರೊಟ್ಟಿಯನ್ನು ಸದಸ್ಯರೇ ಸರದಿಯಂತೆ ಮನೆಯಲ್ಲಿ ಸುಟ್ಟು ತರುತ್ತಾರೆ. ಅತಿಥಿಯಾದ ನನಗೆ ಆ ಗೌರವ ಸಿಕ್ಕಿತು. ಬ್ರೆಡ್ಡಿನ ಬಗ್ಗೆ ವಾರವಿಡೀ ಭಾಷಣ ಮಾಡಿದವಳು ಬ್ರೆಡ್ಡು ಮಾಡಲು ಬಾರದೆಂದು ಹೇಳುವುದು ಹೇಗೆ? ಒಪ್ಪಿಕೊಂಡೆ.

ಹನ್ನೆಲೋರೆ ಯೀಸ್ಟಿನ ಪುಟ್ಟ ಪೊಟ್ಟಣವನ್ನು ಮುಂದಿಟ್ಟರು. ನಾನು ಅದನ್ನು ಹಿಂದಕ್ಕೆ ಸರಿಸಿದೆ. ನಮ್ಮ ಮನೆಯಲ್ಲಿ ಅಜ್ಜಿ ದೋಸೆ ಹಿಟ್ಟಿಗೆ ಯಾವ ಪೊಟ್ಟಣವನ್ನೂ ಹಾಕಿದವಳಲ್ಲ. ರುಬ್ಬಿ ಮುಚ್ಚಿಟ್ಟರೆ ಬೆಳಗಾಗುವಾಗ ಪಾತ್ರೆಯ ಮುಚ್ಚಳವನ್ನೇ ತಳ್ಳಿಕೊಂಡು ಬಂದಿರುತ್ತದೆ.

“ನಮ್ಮಲ್ಲಿ ಇದು ತಾನಾಗಿ ಉಬ್ಬುತ್ತದೆ,” ಎಂದೆ.

“ಗೋಧಿ ಹಿಟ್ಟೇ?”

“ಯಾವ ಹಿಟ್ಟಾದರೂ,” ಎಂದೆ, ವಿಶ್ವವಿದ್ಯಾಲಯದ ಪದವಿ ಪಡೆದವರಿಗಷ್ಟೇ ಸಾಧ್ಯವಾಗುವ ಧೈರ್ಯದಿಂದ.

ಹಿಟ್ಟು ಕಲಸಿ, ಪಾತ್ರೆಗೆ ತಟ್ಟೆ ಮುಚ್ಚಿ, ಕಿಟಕಿಯ ಪಕ್ಕದಲ್ಲಿಟ್ಟು ಮಲಗಿದೆ. ಎಷ್ಟೇ ಚಳಿಯಿದ್ದರೂ ಮಲಗುವ ಮುಂಚೆ ಮನೆಯ ಕಿಟಕಿಗಳನ್ನೆಲ್ಲ ತೆರೆದು ಗಾಳಿಯಾಡಿಸುವುದು ಜರ್ಮನರ ವ್ರತ. ಹನ್ನೆಲೋರೆ ಆ ವ್ರತವನ್ನು ತಪ್ಪದೆ ಪಾಲಿಸಿದರು.

ಭಾನುವಾರ: ಹನ್ನೊಂದು ಮೋಂಬತ್ತಿಗಳು

ಬೆಳಗ್ಗೆ ತಟ್ಟೆ ತೆಗೆದು ನೋಡಿದರೆ ಹಿಟ್ಟು ರುಬ್ಬುಗುಂಡಿನ ಹಾಗೆ ತಣ್ಣಗೆ ಕುಳಿತಿತ್ತು. ಹನ್ನೆಲೋರೆ ಬೆರಳಿನಿಂದ ತಟ್ಟಿದರು. ಸದ್ದು ಬಂತು.

“ಬಹುಶಃ ಇದಕ್ಕೆ ನಂಬಿಕೆ ಸಾಲದು,” ಎಂದರು.

ಆರಾಧನೆಗೆ ಒಂದು ಗಂಟೆ ಉಳಿದಿತ್ತು. ಭಾನುವಾರ ಆ ದೇಶದಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ಬೆಳಗ್ಗೆ ಕೆಲವು ಗಂಟೆ ತೆರೆದಿರುವುದು ಬೇಕರಿಗಳು ಮಾತ್ರ. ಇಬ್ಬರೂ ಕೋಟು ಹಾಕಿಕೊಂಡು ಓಡಿದೆವು. ಮೂಲೆಯಲ್ಲಿದ್ದ ಬೇಕರಿಯ ಗಾಜಿನ ಹಿಂದೆ ದಪ್ಪ ಮೀಸೆಯ ತುರ್ಕಿಯವರೊಬ್ಬರು ಬಿಸಿ ಬ್ರೆಡ್ಡನ್ನು ಜೋಡಿಸುತ್ತಿದ್ದರು. ಅವರ ಹಿಂದಿನ ಗೋಡೆಯಲ್ಲಿ ಮೆಕ್ಕಾದ ಚಿತ್ರವಿತ್ತು. ಮಂಡಿಪೇಟೆಯ ಬೇಕರಿಯ ಗೋಡೆಯಲ್ಲೂ ಅದೇ ಚಿತ್ರ, ಅದೇ ಎತ್ತರದಲ್ಲಿತ್ತು. ನಾನು ಅಲ್ಲೇ ನಿಂತುಬಿಟ್ಟೆ.

ಚರ್ಚಿಗೆಂದು ಹನ್ನೆಲೋರೆ ಹೇಳಿದಾಗ ಬೇಕರಿಯವರು ಎದುರಿಗಿದ್ದದ್ದನ್ನು ಬಿಟ್ಟು ಒಳಗಿನಿಂದ ಇಡೀ ಬ್ರೆಡ್ಡೊಂದನ್ನು ತಂದರು. ನಾನು ಏಕೆ ನಗುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದೇನೆಂದು ಕೇಳಿದರು. ಹನ್ನೆಲೋರೆ ಹೇಳಿದರು. ಬೇಕರಿಯವರು ಉತ್ತರಿಸಿದ್ದು ಇಷ್ಟು: “ನಿಮ್ಮ ಚರ್ಚಿನವರು ಮೊದಲೂ ಎರಡು ಸಲ ಹೀಗೇ ಓಡಿ ಬಂದಿದ್ದಾರೆ. ಉಪ್ಪು ಜಾಸ್ತಿಯಾಯಿತೆಂದು ಈವರೆಗೆ ಯಾರೂ ದೂರಿಲ್ಲ.”

ಆ ಆರಾಧನೆಯಲ್ಲಿ ಆ ವರ್ಷ ತೀರಿಕೊಂಡ ಹತ್ತು ಮಂದಿಯ ಹೆಸರುಗಳಿದ್ದವು. ಒಂದೊಂದು ಹೆಸರನ್ನು ಓದಿದಾಗಲೂ ಮನೆಯವರು ಎದ್ದು ಹೋಗಿ ಒಂದು ಮೋಂಬತ್ತಿ ಹಚ್ಚುತ್ತಿದ್ದರು. ಜೊತೆಗೆ ಚರ್ಚಿನ ಗಂಟೆ ಒಮ್ಮೆ ಮೊಳಗುತ್ತಿತ್ತು. ಹತ್ತು ಮುಗಿದ ಮೇಲೆ ಗೆರ್ಹಾರ್ಡ್ ಜೇಬಿನಿಂದ ಇನ್ನೊಂದು ಕಾಗದ ತೆಗೆದರು. ಬುಧವಾರದಿಂದ ಅವರು ನನಗೆ ಮೂರು ಬಾರಿ ದೂರವಾಣಿ ಮಾಡಿ, ಹಲೋ ಎಂದೂ ಹೇಳದೆ, ಹೆಸರನ್ನು ಒಪ್ಪಿಸಿ ತಿದ್ದಿಸಿಕೊಂಡಿದ್ದರು.

“ಸತ್ತಾರ್ ಸಾಬ್,” ಎಂದು ಓದಿದರು. “ತುಮಕೂರು. ಬೇಕರಿ.”

ಯಾರೂ ತಿರುಗಿ ನೋಡಲಿಲ್ಲ. ಯಾರೂ ಎದ್ದು ಹೊರಗೆ ಹೋಗಲಿಲ್ಲ. ಚರ್ಚಿನ ಚಾವಣಿ ಇದ್ದಲ್ಲೇ ಇತ್ತು. ನಾನು ಹೋಗಿ ಹನ್ನೊಂದನೆಯ ಮೋಂಬತ್ತಿ ಹಚ್ಚಿದೆ. ಗಂಟೆ ಮೊಳಗಿತು. ಆಮೇಲೆ ಆ ತುರ್ಕಿಯವರ ಬ್ರೆಡ್ಡನ್ನು ಮುರಿದು ಹಂಚಿದರು. ನನ್ನ ಪಕ್ಕದಲ್ಲಿ ನಿಂತಿದ್ದ ಗೆರ್ಹಾರ್ಡ್ ಅದನ್ನು ತಿಂದು, ನನ್ನ ಕಡೆ ಬಾಗಿ, ತಮಗೆ ಗೊತ್ತಿದ್ದ ಒಂದೇ ಒಂದು ಇಂಗ್ಲಿಷ್ ಪದವನ್ನು ಹೇಳಿದರು: “ಗುಡ್.”

ಕುಣಿಗಲ್: ಹಿಂದಿರುಗಿದ ಮೇಲೆ

ಗೆದ್ದ ಹುರುಪಿನಲ್ಲಿ ಊರಿಗೆ ಬಂದೆ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, “ಅಲ್ಲಿ ಓದಿದ್ರಾ? ಭೇಷಾಯ್ತು. ಸಾಬ್ರ ಮಗಳ್ಗೆ ಹೇಳ್ದ್ಯಾ?” ಎಂದಳು.

ಹೇಳಿರಲಿಲ್ಲ. ಹೇಳುವುದಿರಲಿ, ಒಂದು ವರ್ಷದಲ್ಲಿ ಒಮ್ಮೆಯೂ ಅವರನ್ನು ಕೇಳಿರಲಿಲ್ಲ. ಎಲ್ಲರಿಂದಲೂ ಉತ್ತರ ಬಯಸುವ ನಾನು, ಯಾರ ತಂದೆಯ ಹೆಸರಿಗಾಗಿ ಜಗಳವಾಡುತ್ತಿದ್ದೆನೋ ಅವರ ಬಾಗಿಲನ್ನೇ ತಟ್ಟಿರಲಿಲ್ಲ. ಇತರರ ತಪ್ಪನ್ನು ಬರೆಯುವಾಗ ನನ್ನದನ್ನು ಬಿಡುವುದು ನ್ಯಾಯವಲ್ಲ.

ಮಾರನೆಯ ದಿನವೇ ಕುಣಿಗಲ್ಲಿಗೆ ಹೋದೆ. ಸಾಬರ ಮಗಳು ಶಾಹೀನಾ ಅಲ್ಲಿ ಗಂಡನ ಮನೆಯಲ್ಲಿದ್ದಾರೆ. ಮನೆಯ ಮುಂಭಾಗದಲ್ಲೇ ಹೊಲಿಗೆ ಅಂಗಡಿ. ಯಂತ್ರ ನಿಲ್ಲಿಸದೆ ನನ್ನ ಕಥೆಯನ್ನು ಕೇಳಿದರು. ಹಿಟ್ಟು ಕಲ್ಲಾದ ಭಾಗಕ್ಕೆ ಮಾತ್ರ ನಿಲ್ಲಿಸಿದರು.

“ಯೀಸ್ಟೇ ಹಾಕ್ಲಿಲ್ವಾ? ಯಾ ಅಲ್ಲಾ! ನಮ್ ಅಬ್ಬಾ ಇದ್ದಿದ್ರೆ ನಿನ್ನನ್ನ ಅಂಗಡಿ ಮೆಟ್ಲೂ ಹತ್ತುಸ್ತಿರ್ಲಿಲ್ಲ.”

ನಕ್ಕು ಮುಗಿದ ಮೇಲೆ ಕೇಳಿದೆ. “ಅಕ್ಕ, ನಮ್ಮ ಚರ್ಚಲ್ಲಿ ಅವರ ಹೆಸರು ಓದಿದ್ರೆ ನಿಮಗೇನಾದ್ರೂ ಬೇಜಾರಾ? ಮುಂಚೇನೇ ಕೇಳ್ಬೇಕಿತ್ತು. ತಪ್ಪಾಯ್ತು.”

ಅವರು ದಾರವನ್ನು ಹಲ್ಲಿನಿಂದ ಕಡಿದು ಹೇಳಿದರು: “ನೋಡಮ್ಮಾ, ಅಬ್ಬಾಗೆ ಜಾಗ ಕೊಡೋನು ಅಲ್ಲಾಹ್. ನಿಮ್ ಚರ್ಚ್‌ನೋರ್ ಹತ್ರ ನಾವ್ ಜಾಗ ಕೇಳ್ತಿಲ್ಲ. ಕೊಡ್ತೀವಿ ಅಂದ್ರೂ ಬೇಡ. ಆದ್ರೆ ನಿಮ್ಮಜ್ಜಿ ಅಬ್ಬಾನ ನೆನೀಬೇಕು ಅಂದ್ರೆ ಯಾರ್ ಬೇಡ ಅಂತಾರೆ? ಅಬ್ಬಾ ಆಸ್ಪತ್ರೇಲಿದ್ದಾಗ್ಲೂ ಶುಕ್ರವಾರ ಬಂದ್ರೆ ಸಾಕು, ‘ನಾಳೆ ಅಮ್ಮನ ಬ್ರೆಡ್ಡು’ ಅಂತಿದ್ರು. ಓದ್ಲಿ. ಒಂದೇ ಷರತ್ತು.”

“ಏನಕ್ಕ?”

“ಪೂರ್ತಿ ಹೆಸರು ಓದ್ಬೇಕು. ಮೊಹಮ್ಮದ್ ಅಬ್ದುಲ್ ಸತ್ತಾರ್. ಅರ್ಧಂಬರ್ಧ ಕರೆದ್ರೆ ಅಬ್ಬಾ ತಿರುಗೂ ನೋಡ್ತಿರ್ಲಿಲ್ಲ.”

ಗುಬ್ಬಿ: ಕೋರಿಕೆ

ಆದ್ದರಿಂದ ನಮ್ಮ ಸಭೆಯ ಅಯ್ಯನವರಲ್ಲಿ, ಕಾರ್ಯದರ್ಶಿಗಳಲ್ಲಿ ಮತ್ತು ಸಮಿತಿಯ ಸದಸ್ಯರಲ್ಲಿ ನನ್ನ ವಿನಂತಿ ಹೀಗಿದೆ.

ಸತ್ತಾರ್ ಸಾಬರಿಗೆ ರಕ್ಷಣೆ ದೊರಕಿದೆಯೆಂದು ಘೋಷಿಸಿರೆಂದು ನಾನು ಕೇಳುತ್ತಿಲ್ಲ. ಹೊರಡುವಾಗ ಕೇಳುತ್ತಿದ್ದೆ, ಈಗ ಇಲ್ಲ. ಆ ಲಕೋಟೆ ನಿಮ್ಮ ಹೆಸರಿಗಾಗಲಿ ನನ್ನ ಹೆಸರಿಗಾಗಲಿ ಬಂದದ್ದಲ್ಲ. ನಿಮ್ಮ ನಿಲುವನ್ನು ಬದಲಿಸಬೇಕಾದ ಅಗತ್ಯವೂ ಇಲ್ಲ. ಗೆರ್ಹಾರ್ಡ್ ತಮ್ಮ ನಿಲುವಿನಲ್ಲಿ ಒಂದು ಕೂದಲೆಳೆಯಷ್ಟೂ ಬದಲಾಗದೆಯೇ ಓದಿದರು. ನಾನು ಕೇಳುತ್ತಿರುವುದು, ಬರುವ ನವೆಂಬರಿನ ಆರಾಧನೆಯಲ್ಲಿ ಮೊಹಮ್ಮದ್ ಅಬ್ದುಲ್ ಸತ್ತಾರ್ ಎಂಬ ಹೆಸರನ್ನು, ಪೂರ್ತಿಯಾಗಿ, ಎಲ್ಲರಿಗೂ ಕೇಳುವಂತೆ ಓದಬೇಕು. ಓದುವುದಿಲ್ಲವೆಂದಾದರೆ, ಅವರ ಕೈಯ ರೊಟ್ಟಿ ಮೂವತ್ತೆಂಟು ವರ್ಷ ನಮ್ಮ ಪೀಠಕ್ಕೆ ಹೇಗೆ ಯೋಗ್ಯವಾಗಿತ್ತೆಂಬುದನ್ನು ಲಿಖಿತವಾಗಿ ತಿಳಿಸಬೇಕು.

ಉತ್ತರವನ್ನು ನನಗೆ ಕಳುಹಿಸಬೇಡಿ. ನಾನು ಅದಕ್ಕೆ ಮತ್ತೊಂದು ಉತ್ತರ ಬರೆಯುತ್ತೇನೆ, ನೀವು ಇನ್ನೊಂದು ಬರೆಯುತ್ತೀರಿ, ಅಷ್ಟರಲ್ಲಿ ಇನ್ನೊಂದು ವರ್ಷ ಕಳೆಯುತ್ತದೆ. ಗುಬ್ಬಿಯ ನಮ್ಮ ಮನೆಗೆ, ಅಜ್ಜಿಯ ಹೆಸರಿಗೆ ಕಳುಹಿಸಿ. ಅವಳು ಈಗಲೂ ಪ್ರತಿ ಶನಿವಾರ ಆ ಬಿಳಿ ಬಟ್ಟೆಯನ್ನು ಒಗೆದು, ಮಡಿಸಿ, ಕಿಟಕಿಯ ಹತ್ತಿರ ಇಡುತ್ತಾಳೆ. ಭಾನುವಾರ ಮೂರನೆಯ ಬೆಂಚಿನಲ್ಲಿ ಕುಳಿತಿರುತ್ತಾಳೆ. ನೀವು ಆ ಹೆಸರನ್ನು ಓದಿದ ದಿನ ಅವಳು ಕೈ ಚಾಚುತ್ತಾಳೆ.